ಕಣಜ

ಜೂನ್ ಬಂತೆಂದರೆ ಅಪ್ಪ ಕಾಡು ಅಂಜೂರದ ಕಾಯಿಗಳನ್ನು
ನಾರಿಗೆ ಪೋಣಿಸಿ ನಮ್ಮ ಮರದ ಕೊಂಬೆಗೆ ಕಟ್ಟುತ್ತಿದ್ದ.
ಅದರೊಳಗಿಂದೊಂದು ಕಣಜ ಹೊರಟು,
ರೆಕ್ಕೆ ಹರಿದುಕೊಂಡು, ನಮ್ಮ ಕಾಯಿಯೊಳಗೆ ನುಸುಳಿ
ಸಾಯಬೇಕು.
ಆಮೇಲೆ ಸಿಹಿ.

ಅಜ್ಜಿ ಮುನೆವ್ವೆರ್ ಬಿಸ್ಮಿಲ್ಲಾ ಎಂದು
ಇಡಿಯಾಗಿ ಬಾಯಿಗೆ ಹಾಕುವಳು:
"ಬಿಚ್ಚಬೇಡವೇ ಹುಡುಗಿ, ಬಿಚ್ಚಿದರೆ ಬರೀ ಹುಳ."

ನಾನು ಬಿಚ್ಚಿದೆ. ಇಜ್ಮಿರಿನ ಕಾಲೇಜಿನಲ್ಲಿ
ಸೂಕ್ಷ್ಮದರ್ಶಕದ ಕೆಳಗೆ ನಾಲ್ಕು ವರ್ಷ ಬಿಚ್ಚಿದೆ.
ಹುಳ ಸಿಕ್ಕಿತು. ದೇವರು ಸಿಗಲಿಲ್ಲ.
ಸಿಗಲಿಲ್ಲವೆಂದು ಬರೆದಿಟ್ಟ ವಹಿಯೂ
ಮನೆ ಬದಲಿಸುವಾಗ ಎಲ್ಲೋ ಹೋಯಿತು.

ಈಗ ಅರುವತ್ತೊಂದು. ಗೆರ್ಮೆಂಜಿಕ್‌ನ ಆಗಸ್ಟ್ ಬಿಸಿಲು,
ಚಾಪೆಯ ತುಂಬ ಒಣಗುವ ಹಣ್ಣು.
ಒಂದನ್ನೆತ್ತಿ ಸೀಳಿದೆ:
ಅದೇ ಕೆಂಪು, ಅದೇ ಬೀಜ, ಕಣಜವಿಲ್ಲ.
ಹಣ್ಣೇ ಅದನ್ನು ಅರಗಿಸಿಕೊಂಡಿದೆ;
ಬಲ್ಲೆ, ಮೂವತ್ತು ವರ್ಷ ಪಾಠ ಮಾಡಿದ್ದೇನೆ.

ಬಲ್ಲ ಬಾಯಲ್ಲೇ ತಿಂದೆ.
ಸಿಹಿ ಒಂದಿಷ್ಟೂ ಕಡಿಮೆಯಾಗಲಿಲ್ಲ, ಅದಕ್ಕೇ ಅಂಜಿಕೆ.
ಅಜ್ಜಿಯ ಬಿಸ್ಮಿಲ್ಲಾ ನಾಲಿಗೆಯ ತುದಿವರೆಗೆ ಬಂದು
ಯಾರಿಗೆ ಹೇಳುವುದೆಂದು ತಿಳಿಯದೆ
ಅಲ್ಲೇ ನಿಂತಿತು.

ಅಂಟು ಬೆರಳನ್ನು ತೊಳೆಯದೆ
ಇನ್ನೊಂದಕ್ಕೆ ಚಾಚಿದೆ.