ಕವರಿನ ಅಂಚಿನಲ್ಲೊಂದು ಮೊಣಕೈ

ಈ ಫೋಟೋದಲ್ಲಿ ನಾಲ್ವರಿದ್ದೇವೆ ಅಂದರೆ ಯಾರೂ ನಂಬುವುದಿಲ್ಲ.
ನಡುವೆ ಮುಸೊಂಡಾ, ಮಖಮಲ್ ಪ್ಯಾಂಟು,
ಹಲ್ಲಿನಲ್ಲಿ ಗಿಟಾರು ಕಚ್ಚಿಕೊಂಡು.
ಪಕ್ಕದಲ್ಲಿ ಬಾಯಿ ತೆರೆದ ಚಿಸೆಂಗಾ.
ಹಿಂದೆ ಡ್ರಮ್ಮುಗಳ ಮರೆಯಲ್ಲೊಂದು ಕೂದಲ ಗುಡ್ಡೆ, ಅದು ನಾನು.
ಬಲಕ್ಕೆ, ಕವರು ಮುಗಿಯುವಲ್ಲಿ,
ಒಂದು ಮೊಣಕೈ.
ಅದು ವೆಡ್ಸನ್.
ಕತ್ತರಿಸಿದವನು ಅಷ್ಟಾದರೂ ಉಳಿಸಿದನಲ್ಲ.

ಹಿಂಬದಿಯಲ್ಲಿ ಹೆಸರು ಹಾಕಿದ್ದಾರೆ: ವಿಲ್ಸನ್.
ತಿದ್ದಿಸೋಣ ಅಂದೆ.
"ಪಾಪ, ವಿಲ್ಸನ್ನನಿಗೂ ಒಂದು ಕೆಲಸ ಬೇಕಲ್ಲ" ಅಂದು
ಊಟದ ಡಬ್ಬಿ ಎತ್ತಿಕೊಂಡು ರಾತ್ರಿ ಪಾಳಿಗೆ ಹೋದ.

ಕಿಟ್ವೆಯಲ್ಲಿ ಆಗ ನೆಲದ ಮೇಲೊಂದು ಊರು, ಕೆಳಗೊಂದು.
ಕೆಳಗೆ ಅವನು ಪಂಪು ನೋಡಿಕೊಳ್ಳುತ್ತಿದ್ದ,
ಗಣಿಗೆ ನೀರೇರದಂತೆ ಹಗಲಿರುಳು ಎತ್ತಿ ಹಾಕುವ ಪಂಪು.
ಓಡುತ್ತಿರುವಷ್ಟು ದಿನ ಅದರ ನೆನಪು ಯಾರಿಗೂ ಬರುವುದಿಲ್ಲ
ಅಂತ ಅವನೇ ಹೇಳಿದ್ದು.
ಪಂಪಿನ ಬಗ್ಗೆ.

ಚಿಕ್ಕಂದಿನಲ್ಲಿ ಅವನದು ಬಾಬಾಟೋನಿ:
ಎಣ್ಣೆಯ ಪೀಪಾಯಿ, ಒಂದು ಕೋಲು, ಒಂದೇ ತಂತಿ.
ಅದರ ಮೇಲೆ ಕೂತೇ ನುಡಿಸುತ್ತಿದ್ದನಂತೆ ಮದುವೆಗಳಲ್ಲಿ.
ಸದ್ದು ಕಿವಿಗಿಂತ ಮೊದಲು ಕುಂಡೆಗೆ ತಿಳಿಯಬೇಕು
ಎಂಬುದು ಅವನ ಸಿದ್ಧಾಂತ.
ಆಮೇಲೆ ಬಿಳಿಯ ಎಂಜಿನಿಯರನೊಬ್ಬ ಊರು ಬಿಡುವಾಗ
ನಾಲ್ಕು ತಂತಿಯದೊಂದನ್ನು ಮಾರಿ ಹೋದ.
ಕತ್ತು ಸೊಟ್ಟಗಿತ್ತು. ಹಳೆಯ ಬಾಗಿಲಿನ ಮುಕ್ವಾ ಮರ ಕೆತ್ತಿ
ಹೊಸ ಕತ್ತು ಕೂರಿಸಿದ.
ಒಳಗಿನ ಸುರುಳಿ ಸುಟ್ಟಾಗ
ಕೂದಲಿನಷ್ಟು ತೆಳ್ಳನೆಯ ತಾಮ್ರದೆಳೆಗಾಗಿ ಮೂರು ತಿಂಗಳು ಅಲೆದ,
ಅದೂ ತಾಮ್ರದ ಊರಿನಲ್ಲಿ!
ತಾಮ್ರವೆಲ್ಲ ಅಷ್ಟರಲ್ಲಿ ರೈಲು ಹತ್ತಿರುತ್ತಿತ್ತು.

ಮುಸೊಂಡಾ ನುಡಿಸಿದ್ದು ಎಲ್ಲರಿಗೂ ಕೇಳಿಸುತ್ತಿತ್ತು,
ಹುಡುಗಿಯರು ಅವನ ಮಣಿಕಟ್ಟಿಗೆ ಕರವಸ್ತ್ರ ಕಟ್ಟುತ್ತಿದ್ದರು.
ವೆಡ್ಸನ್ ಗೋಡೆಗೊರಗಿ, ಕಣ್ಣು ನನ್ನ ಬಲಗಾಲಿನ ಮೇಲೆ.
ನಾನು ತುಳಿದ ಮೇಲೆ
ಒಂದು ಕೂದಲೆಳೆ ತಡೆದು
ಅವನ ಬೆರಳು ಇಳಿಯುತ್ತಿತ್ತು.
ಆ ಕೂದಲೆಳೆಯಲ್ಲಿ ನಾವಿಬ್ಬರೂ
ಹನ್ನೊಂದು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದೆವು.

ಒಂದು ಶನಿವಾರ, ಗಣಿಯ ಕ್ಲಬ್ಬಿನಲ್ಲಿ, ಮೂರನೆಯ ಹಾಡಿನ ನಡುವೆ
ಅವನ ಡಬ್ಬದ ಫ್ಯೂಸು ಹೋಯಿತು.
ಗಿಟಾರು ಹಾರುತ್ತಲೇ ಇತ್ತು, ನಾನು ಬಡಿಯುತ್ತಲೇ ಇದ್ದೆ.
ಕುಣಿಯುವವರು ನಿಂತುಬಿಟ್ಟರು.
ಯಾಕೆ ನಿಂತೆವೆಂದು ಯಾರಿಗೂ ಗೊತ್ತಿಲ್ಲ.
ಒಬ್ಬಾಕೆ ಬಗ್ಗಿ ತನ್ನ ಚಪ್ಪಲಿ ನೋಡಿಕೊಂಡಳು,
ಉಂಗುಟ ಕಿತ್ತುಹೋಯಿತೇನೋ ಎಂದು.

ಆಮೇಲೆ ಕರ್ಫ್ಯೂ. ರಾತ್ರಿಗಳು ಬಾಗಿಲು ಹಾಕಿಕೊಂಡವು.
ತಾಮ್ರದ ಬೆಲೆ ಬಿತ್ತು.
ಆಮೇಲೆ ಆ ಕಾಯಿಲೆ, ಹೆಸರು ಹೇಳದೆ ಹೂಳುತ್ತಿದ್ದ ಕಾಲ:
ಮೊದಲು ಚಿಸೆಂಗಾ, ಮಳೆಗಾಲ ಕಳೆದು ಮುಸೊಂಡಾ.
ವೆಡ್ಸನ್ನನದು ಬರೀ ಮಲೇರಿಯಾ.
ಆ ವಾರ ನಮ್ಮ ಬೀದಿಯಲ್ಲೇ ಐದು ಹೆಣ,
ಅವನದು ನಾಲ್ಕನೆಯದು.

ಹೋದ ತಿಂಗಳು ರಾಟರ್‌ಡ್ಯಾಮಿನಿಂದ ಒಬ್ಬ ಹುಡುಗ ಬಂದ.
ಮುಸೊಂಡಾನ ಬಗ್ಗೆ ಕೇಳಿದ, ಪ್ಯಾಂಟಿನ ಬಗ್ಗೆಯೂ.
ಫೋನಿನಲ್ಲಿ ನಮ್ಮ ಹಾಡು ಹಾಕಿದ.
ಗಿಟಾರು ಸೊಳ್ಳೆ,
ಚಿಸೆಂಗಾ ಇನ್ನೊಂದು ಸೊಳ್ಳೆ,
ನಾನು ಅಲುಗಾಡಿಸಿದ ಬೆಂಕಿಪೊಟ್ಟಣ.
"ಅವನೆಲ್ಲಿ?" ಅಂದೆ.
"ಯಾರು?" ಅಂದ.
ಫೋನನ್ನು ತಗಡಿನ ಪೆಟ್ಟಿಗೆಯ ಮೇಲಿಟ್ಟೆ,
ಖಾಲಿ ಪಾತ್ರೆಯೊಳಗಿಟ್ಟೆ, ಬಾಗಿಲಿಗೊತ್ತಿ ಹಿಡಿದೆ.
ಇಲ್ಲ.
ಆಗ, ಎಪ್ಪತ್ತಾರರ ಗಂಟಲಿನ ತಳ ಕೆರೆದು
ಹೂಂ, ಹುಹೂಂ, ಹೂಂ,
ಅವನ ಪಾಲನ್ನು ನಾನೇ ತುಂಬತೊಡಗಿದೆ,
ಒಂದು ಕೂದಲೆಳೆ ತಡೆದು.
ಹುಡುಗ ಹಾಡು ನಿಲ್ಲಿಸಿದ.
ನನ್ನದು ನಿಲ್ಲಲಿಲ್ಲ.

ಹೊರಡುವ ಮುನ್ನ ಹೆಸರು ಕೇಳಿದ.
ಅಕ್ಷರ ಅಕ್ಷರ ಬಿಡಿಸಿ ಹೇಳಿದೆ: ವೆಡ್ಸನ್ ಕಪೆಂಬ್ವಾ.
ಪೆನ್ನಿನಲ್ಲಿ ಮಸಿ ಮುಗಿದಿತ್ತು. ಒತ್ತಿ ಒತ್ತಿ ಬರೆದ.
ಹಾಳೆ ನೋಡಿದೆ, ಏನೂ ಕಾಣಲಿಲ್ಲ.
ತಿರುವಿ ಹಿಂಬದಿಗೆ ಬೆರಳಾಡಿಸಿದೆ.
ಇದ್ದ.