ಎರಡೂವರೆ ಅಂಗುಲ

ದೇವಿಮನೆ ಘಾಟಿ ಇಳಿದು ಕಾರವಾರಕ್ಕೆ ಬಂದದ್ದು
ಒಂದು ಕ್ಯಾಮೆರಾಕ್ಕೆ ಬೆಲೆ ಕಟ್ಟಲು.
ಕೋಡಿಬಾಗದ ಓಣಿ, ಇನಾಸ್ ಲೋಪಿಸರ ಮನೆ.
ಹುರಿದ ಅಕ್ಕಿ ತುಂಬಿದ ಬಿಸ್ಕತ್ತಿನ ಡಬ್ಬದಿಂದ
ಎತ್ತಿದರು ಅದನ್ನು,
ಬಾವಿಯಿಂದ ಆಮೆ ತೆಗೆದ ಹಾಗೆ.

ರಷ್ಯದ್ದು. ಎರಡು ಗಾಜು, ನಡುವೆ ಎರಡೂವರೆ ಅಂಗುಲ,
ಮನುಷ್ಯರ ಕಣ್ಣಿಗೆ ಕಣ್ಣು ಇರುವಷ್ಟೇ ದೂರ.
ಅದಿರು ತುಂಬಲು ಬಂದ ಹಡಗಿನ ಇಂಜಿನಿಯರು
ಬೈತಖೋಲದ ಧಕ್ಕೆಯಲ್ಲಿ ಎರಡು ಬಾಟಲಿ ಫೆನಿಗೆ ಕೊಟ್ಟು ಹೋದದ್ದು.
'ಮೂರನೆಯದು ಕೇಳಿದ, ನಾನು ಕೊಡಲಿಲ್ಲ'
ಈಗಲೂ ಅದೇ ಜಿಪುಣ ಹೆಮ್ಮೆ.

ನನ್ನ ಕಸುಬು ನನಗೆ ಗೊತ್ತು: ಮೊದಲು ಕುಂದು ಹುಡುಕಬೇಕು.
ಟಾರ್ಚು ಬಿಟ್ಟೆ. ಎಡ ಗಾಜಿನಲ್ಲಿ ಬೂಷ್ಟು,
ಜೇಡ ಕಾಲು ಚಾಚಿದಂತೆ.
ಒಂದು ಶಟರು ಇನ್ನೊಂದಕ್ಕಿಂತ ಕೂದಲೆಳೆ ತಡ.
ಚರ್ಮದ ಚೀಲದ ಹೊಲಿಗೆ ಉಪ್ಪುಗಾಳಿ ತಿಂದು ಬಿಟ್ಟದ್ದು.
ಕುಂದಿಗೊಂದು ಐನೂರು ಮನಸ್ಸಿನಲ್ಲೇ ಕಳೆಯುತ್ತ
ತಲೆಯೆತ್ತಿದರೆ
ಬೆಳ್ಳಗಿತ್ತು ಅವರ ಬಲಗಣ್ಣು.

'ಏಳನೇ ವರ್ಷಕ್ಕೆ. ಗಾಳದ ಕೊಕ್ಕೆ' ಅಂದರು.
ನಾನು ಲೆಕ್ಕ ತಪ್ಪಿದೆ.

ಇಪ್ಪತ್ತು ವರ್ಷ ಜೋಡಿ ಚಿತ್ರ ತೆಗೆದವರು
ಆ ಜೋಡಿ ಕೂಡಿದ್ದನ್ನು ಕಂಡೇ ಇಲ್ಲ.
ನೋಡಿದವರೆಲ್ಲ ಮುಟ್ಟಲು ಕೈ ಚಾಚುತ್ತಿದ್ದರಂತೆ ಬರಿಗಾಳಿಗೆ;
ಇವರು ಆ ಕೈಗಳನ್ನು ನೋಡುತ್ತಿದ್ದರಂತೆ.
'ದುಡ್ಡು ಆಮೇಲೆ. ಮೊದಲು ಹೇಳಿ,
ಯಾವುದು ಮುಂದೆ, ಯಾವುದು ಹಿಂದೆ.'

ವ್ಯೂವರನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಮುಂದೆ ಒಣಹಾಕಿದ ಬಲೆ. ಹಿಂದೆ ನಾಯಿ.
ನಾಯಿಗೂ ದೋಣಿಗೂ ನಡುವೆ ನಾಲ್ಕು ಹೆಜ್ಜೆ ಮರಳು.
'ನಾಲ್ಕೇ?'
'ಐದಿರಬಹುದು.'
'ಸರಿಯಾಗಿ ನೋಡಿ ಹೇಳಿ.'
ಕಾಳಿಯ ಹಳೆ ಸೇತುವೆ, ಇನ್ನೂ ಬೀಳದ್ದು,
ಕಂಬದ ಹಿಂದೆ ಕಂಬ, ಕಂಬದ ಹಿಂದೆ ಕಂಬ,
ಎಲ್ಲಕ್ಕಿಂತ ಆಚೆ ಸದಾಶಿವಗಡದ ಗುಡ್ಡ, ಕಾಗದದಷ್ಟು ಚಪ್ಪಟೆ.
ತೀರ ದೂರದ್ದು ಎರಡು ಕಣ್ಣಿಗೂ ಒಂದೇ ಥರ, ಎಂದೆ.
'ಹಾಗಾದರೆ ಗುಡ್ಡದ ಮಟ್ಟಿಗೆ ನೀವೂ ನಾನೂ ಸಮ' ಎಂದು ನಕ್ಕರು.

ಕೊನೆಯ ಸ್ಲೈಡನ್ನು ಒರೆಸಿದರು. ಮತ್ತೆ ಒರೆಸಿದರು.
ಅಡುಗೆಮನೆಯ ಬಾಗಿಲು. ಮೀನು ಹೆಚ್ಚುತ್ತಿದ್ದ ಹೆಂಗಸು
ತೆಗೀಬೇಡಿ ಎಂದು ಎತ್ತಿದ ಕೈ,
ಬೆರಳಿಗೆ ಅಂಟಿದ ಹುರುಪೆ ಮಿನುಗುತ್ತಿದೆ.
'ಸೆಲೆಸ್ತಿನ್. ಕೈ ಎಲ್ಲಿವರೆಗೆ ಬಂದಿದೆ?'

ಬೆಲೆ ಹೇಳುವವನಿಗೆ ಇದೆಲ್ಲ ಎಲ್ಲಿ ರೂಢಿ.
ಚೌಕಟ್ಟು ದಾಟಿದೆ, ಎಂದೆ. ಗಾಜೂ ದಾಟಿದೆ.
ನನ್ನ ಕೆನ್ನೆಯ ಹತ್ತಿರ,
ಇನ್ನೂ ಹತ್ತಿರ.
'ಹುಷಾರು, ಹೊಡೀತಾಳೆ.'

ಬೂಷ್ಟಿಗೆಂದು ನಾನೇನೂ ಕಳೆಯಲಿಲ್ಲ.
ಶಟರಿನ ತಡಕ್ಕೆ ಐನೂರು ಅವರೇ ಬಿಟ್ಟರು.
ವ್ಯೂವರು ಮಾತ್ರ ಕೊಡಲಿಲ್ಲ, ಸ್ಲೈಡುಗಳನ್ನೂ.
'ಇರಲಿ ಇಲ್ಲೇ.
ಬರ್ತಾರೆ ಯಾರಾದರೂ, ಕಣ್ಣಿದ್ದವರು.'