ಕಲೆಯಾಗದಂತೆ

ಯಂತ್ರಕ್ಕೆ ನನ್ನ ಹೆಬ್ಬೆರಳು ಹಿಡಿಸಲಿಲ್ಲ.
ಹಸಿರು ಗಾಜಿನ ಮೇಲೆ ಒತ್ತಿದೆ, ಒರೆಸಿ ಒತ್ತಿದೆ,
ಕೊನೆಗೆ ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟು
ಸಿಪಾಯಿಯೇ ಒತ್ತಿದ.
ಪರದೆಯಲ್ಲಿ ಮೂಡಿದ್ದು
ಕಾವಲಿಗೆ ಹತ್ತಿ ಹರಿದ ನೀರುದೋಸೆ.
"ಬಸ್ಮಾ ಇಲ್ಲ," ಅಂದ. "ಮುಂದಿನ ಬುಧವಾರ ಬಾ,
ಬೆರಳು ತೆಗೆದುಕೊಂಡು ಬಾ."

ಹದಿನಾಲ್ಕು ವರ್ಷ ಫರ್ವಾನಿಯಾದ ಓಣಿಯೊಳಗೆ
ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದ ಕೈ.
ಇಸ್ತ್ರಿಯ ಹಬೆ, ಸೀಮೆಸುಣ್ಣ, ಜನವರಿಯ ಒಣಗಾಳಿ.
ಬೆರಳ ಸಿಬಿರಿಗೆ ಕ್ರೇಪಿನ ಎಳೆ ಸಿಕ್ಕಿ
ಚರ್ ಅಂದರೂ ಮಾಸ್ತರ ತಲೆ ಎತ್ತುವುದಿಲ್ಲ,
ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ:
ಅರ್ಧ ದಿನಾರು.

ಪೆಟ್ಟಿಗೆಯ ತಳದಲ್ಲಿ, ಹಳೆ ಬನಿಯನ್ನಿನಲ್ಲಿ ಸುತ್ತಿ,
ಒಂದು ಉಂಡೆ ಇತ್ತು. ಬಾತುಮೊಟ್ಟೆಯಷ್ಟು, ಮಾಸಲು ಬಿಳಿ.
ಮುರುಗಲ ತುಪ್ಪ. ಹಸುವಿನ ಮುಖ ನೋಡದ ತುಪ್ಪ.
ಸಿಪ್ಪೆ ಸಾರಿಗೆ ಹೋಯಿತು, ರಸ ಪಾನಕಕ್ಕೆ ಹೋಯಿತು,
ಯಾರಿಗೂ ಬೇಡದ ಬೀಜ ಹೊನ್ನಿಯ ಪಾಲಿಗೆ.
ಒಣಗಿಸಿ, ಕುಟ್ಟಿ, ರಾತ್ರಿಯಿಡೀ ಕುದಿಸಿ,
ಬೆಳಗಿನ ಜಾವ ಮೇಲೆ ಕಟ್ಟಿದ್ದನ್ನು ಬಳಿದು
ಎರಡು ಅಂಗೈ ನಡುವೆ ಉರುಳಿಸಿ ಕೊಟ್ಟಿದ್ದಳು,
"ಹಿಮ್ಮಡಿಗೆ ಹಚ್ಚಿಕೋ, ಅಲ್ಲಿ ಮರಳಂತೆ."
ಬೆಳಕಿಗೆ ಹಿಡಿದೆ. ಅವಳ ಅಂಗೈಗೆರೆ
ಉಂಡೆಯ ಮೇಲೆ ಇನ್ನೂ ಇದೆ.
ಯಂತ್ರ ಇದನ್ನಾದರೆ ಒಪ್ಪುತ್ತಿತ್ತೇನೋ.

ಮೇ ತಿಂಗಳಾದರೆ ಒಲೆ ಬೇಡ ಇಲ್ಲಿ,
ಕಿಟಕಿಕಟ್ಟೆಯಲ್ಲಿಟ್ಟು ನಮಾಜು ಮುಗಿಸುವಷ್ಟರಲ್ಲಿ ನೀರು.
ಈಗ ಚಳಿ. ಉಗುರು ನಾಟದ ಕಲ್ಲು.
ಬಿಸಿನೀರ ಪಾತ್ರೆಯೊಳಗೆ ಚಹಾದ ಲೋಟ ನಿಲ್ಲಿಸಿ
ತುರಿದು ಹಾಕಿದೆ, ಅದರ ದುಪ್ಪಟ್ಟು ತೆಂಗಿನೆಣ್ಣೆ ಬಿಟ್ಟೆ.
ಇದೊಂದನ್ನೇ ಹಚ್ಚಿದರೆ
ಬೆರಳಿಗೆ ಮೇಣದ ಟೊಪ್ಪಿ ಹಾಕಿದ ಹಾಗೆ.

ಲುತ್ಫರ್ ಮೊದಲು ನಕ್ಕ. ಆಮೇಲೆ ತಲೆ ಬಗ್ಗಿಸಿದ.
"ಕೂದಲಿಗೂ ಆಗುತ್ತಾ?"
ಇಲ್ಲಿಯ ನೀರು ಮುಟ್ಟಿದ ಮೂರನೇ ತಿಂಗಳಿಂದ
ಅವನ ಕೂದಲು ದಿಂಬಿನಲ್ಲೇ ವಾಸ.
ಗೊತ್ತಿಲ್ಲ ಅಂದೆ. ಲೋಟದ್ದು ಸಾಲದೆಂದು ಅವನು
ಉಂಡೆಯನ್ನೇ ನೆತ್ತಿಗೆ ಉಜ್ಜಿಕೊಂಡ.
ಬೆಳಿಗ್ಗೆ ತಲೆಯ ತುಂಬ ಕೊಬ್ಬರಿತುರಿ.
ಕೋಣೆಯ ಎಂಟೂ ಜನ ಎದ್ದು ಕೂತು ನಕ್ಕೆವು.
ಕೂದಲು ಬರಲಿಲ್ಲ.
ತುರಿಕೆ ನಿಂತಿದೆ ಅನ್ನುತ್ತಾನೆ, ನನ್ನ ಸಮಾಧಾನಕ್ಕೋ ಏನೋ.

ಏಳು ರಾತ್ರಿ ಕೈಗೆ ಕಾಲುಚೀಲ ಹಾಕಿ ಮಲಗಿದೆ.
ಫೋನು ಬಂದರೆ ಮೂಗಿನಿಂದ ಎತ್ತಿದೆ.
"ಯಾಕೆ ಕೈ ತೋರಿಸ್ತಾ ಇಲ್ಲ?" ಮನೆಯವಳ ದಿಗಿಲು.
ತೋರಿಸಿದೆ. ಎರಡು ಹಸಿರು ಕಾಲುಚೀಲ.
"ಅಯ್ಯೋ," ಅಂದಳು, "ನನ್ನ ಕೈಯೂ ಹಾಗೇ ಆಗಿದೆ."
ಅದು ನನಗೆ ಗೊತ್ತಿರಲಿಲ್ಲ.

ಮಂಗಳವಾರ. ಒರೆಸಿದ್ದು ಸಾಲದೆ
ಯಾರದೋ ಮದುವೆಯ ಅಬಾಯದ ತೋಳಿನ ಮೇಲೆ
ನನ್ನ ಹೆಬ್ಬೆರಳು ಬಿತ್ತು.
ಸುಳಿಯೊಳಗೆ ಸುಳಿ, ಗೆರೆಗೆ ಗೆರೆ, ಒಂದೂ ಬಿಡದೆ.
ಮಾಸ್ತರ ಬೈಯುವ ಮೊದಲು ಒಂದು ಗಳಿಗೆ
ನೋಡುತ್ತಲೇ ನಿಂತೆ.
ಎಷ್ಟು ವರ್ಷವಾಗಿತ್ತು ಈ ಮನುಷ್ಯನನ್ನು ಕಂಡು.

ಆಮೇಲೆ ಸೀಮೆಸುಣ್ಣ ಕುಟ್ಟಿ ಉದುರಿಸಿ,
ಮೇಲೆ ಕಾಗದವಿಟ್ಟು, ಹದವಾಗಿ ಇಸ್ತ್ರಿ ಎಳೆದು
ಬಟ್ಟೆಯಿಂದ ನನ್ನನ್ನು ನಾನೇ ತೆಗೆದೆ.
ಕಾಗದಕ್ಕೆ ಬಂದ ಜಿಡ್ಡಿನಲ್ಲಿ ಗೆರೆಗಳಿರಲಿಲ್ಲ.

ಬುಧವಾರ ಯಂತ್ರ ಟಿಕ್ ಅಂದಿತು.
ಸಿಪಾಯಿ ಗಾಜು ಮೂಸಿ ಕೇಳಿದ, "ಏನು ಹಚ್ಚಿದ್ದೀ?"
ಮುರುಗಲಿಗೆ ಅರಬಿಯಲ್ಲಿ ಏನೆನ್ನುವುದು?
"ಜುಬ್ದಾ," ಅಂದೆ. ಬೆಣ್ಣೆ.
ಒಡೆದ ತುಟಿಯ ಮೇಲೆ ನಾಲಿಗೆ ಆಡಿಸಿ
"ರೊಟ್ಟಿ ಎಲ್ಲಿ?" ಅಂದು ಮುಂದಿನವನನ್ನು ಕರೆದ.

ಉಂಡೆ ಇನ್ನೂ ಅರ್ಧ ಇದೆ.
ಹೊನ್ನಿಯ ಗೆರೆ ಇರುವ ಕಡೆ ತುರಿಯುವುದಿಲ್ಲ,
ಲುತ್ಫರ್ ಕೇಳಿದರೂ.
ಮೇ ಬಂದರೆ ತಾನೇ ಕರಗುತ್ತದೆ, ಗೊತ್ತು.